ಮೆಲ್ಕ್‌ನಿಂದ ಕ್ರೆಮ್ಸ್‌ಗೆ: ಡ್ಯಾನ್ಯೂಬ್ ದಂಡೆಯ ಹಳೆಯ ಊರುಗಳ ನಡುವೆ ಒಂದು ದಿನದ ಸೈಕಲ್ ಪಯಣ

ಆಸ್ಟ್ರಿಯಾದ ವಾಖಾವ್ ಕಣಿವೆಯಲ್ಲಿ ಮೆಲ್ಕ್ ಊರಿನಿಂದ ಕ್ರೆಮ್ಸ್‌ವರೆಗಿನ ದಾರಿ ಸುಮಾರು 36 ಕಿಲೋಮೀಟರ್. ಅಪರೂಪಕ್ಕೆ ಸೈಕಲ್ ಹತ್ತುವವರೂ ಎರಡೂವರೆ ಗಂಟೆಯಲ್ಲಿ ತುಳಿದು ಮುಗಿಸಬಹುದು. ದಿನ ಕೆಡುವುದಕ್ಕೆ ಈ ಕಡಿಮೆ ದೂರವೇ ಕಾರಣ. ಇಷ್ಟೇ ತಾನೇ ಎಂದು ಹನ್ನೊಂದಕ್ಕೆ ಮೆಲ್ಕ್‌ಗೆ ಬಂದಿಳಿದವರಿಗೆ ಮೆಲ್ಕ್‌ನ ಮಠ ನೋಡಲು ಸಮಯ ಸಿಗುವುದಿಲ್ಲ. ದಾರಿಯಲ್ಲಿನ ಡ್ಯೂರ್ನ್‌ಷ್ಟೈನ್ ಊರು ತಲುಪುವಾಗ ಬಿಸಿಲಿಗೆ ಬೆಂದಿರುತ್ತಾರೆ, ಕೋಟೆ ಹತ್ತುವ ಕಸುವು ಉಳಿದಿರುವುದಿಲ್ಲ. ಆದ್ದರಿಂದ ಈ ದಿನವನ್ನು ಕಿಲೋಮೀಟರ್ ಲೆಕ್ಕ ಬಿಟ್ಟು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ನದಿಯನ್ನು ಎಲ್ಲಿ ದಾಟಬೇಕು ಎಂಬ ಲೆಕ್ಕದಲ್ಲಿ ಹೊಂದಿಸಿಕೊಳ್ಳಿ. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಯಾವಾಗ ಹೋಗಬೇಕು

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಹೋಗಬಹುದು. ಅದರಲ್ಲಿ ಮೇ, ಜೂನ್ ಮತ್ತು ಸೆಪ್ಟೆಂಬರ್ ಉತ್ತಮ. ಏಪ್ರಿಕಾಟ್ ಮರಗಳು ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಹೂ ಬಿಡುತ್ತವೆ. ಆ ನೋಟಕ್ಕಾಗಿ ಹೋಗುವವರು ಬೆಳಗಿನ ಚಳಿಗೆ ಕೈಗವಸು ಇಟ್ಟುಕೊಳ್ಳಬೇಕು. ಜುಲೈಯಲ್ಲಿ ದಾರಿ ಬದಿಯಲ್ಲೇ ಏಪ್ರಿಕಾಟ್ ಹಣ್ಣು ಮಾರುತ್ತಾರೆ, ಆದರೆ ಮಧ್ಯಾಹ್ನದ ಬಿಸಿಲು ಜೋರು. ಸೆಪ್ಟೆಂಬರ್-ಅಕ್ಟೋಬರ್ ದ್ರಾಕ್ಷಿ ಕೊಯ್ಲಿನ ಕಾಲ. ತೋಟದ ದಾರಿಗಳಲ್ಲಿ ಟ್ರ್ಯಾಕ್ಟರ್‌ಗಳು ಓಡಾಡುತ್ತವೆ, ತಿರುವುಗಳಲ್ಲಿ ಮಣ್ಣು ಮತ್ತು ಜಜ್ಜಿದ ಹಣ್ಣು ಬಿದ್ದು ಜಾರುತ್ತದೆ.

ಹೊರಡುವ ಹಿಂದಿನ ದಿನ ಗಾಳಿಯ ಮುನ್ಸೂಚನೆ ನೋಡಿ. ಮೆಲ್ಕ್‌ನಿಂದ ಕ್ರೆಮ್ಸ್‌ಗೆ ನದಿ ಹತ್ತು ಮೀಟರಿನಷ್ಟು ಮಾತ್ರ ಇಳಿಯುತ್ತದೆ. ಹಾಗಾಗಿ ಹರಿವಿನ ದಿಕ್ಕಿನಲ್ಲಿ ತುಳಿದರೆ ಸುಲಭ ಎಂಬ ಮಾತಿನಲ್ಲಿ ಹುರುಳಿಲ್ಲ. ದಣಿವನ್ನು ನಿರ್ಧರಿಸುವುದು ಗಾಳಿ. ಹೆಚ್ಚಿನ ದಿನ ಪಡುವಣ ಗಾಳಿ ಬೀಸುವುದರಿಂದ ಮೆಲ್ಕ್‌ನಿಂದ ಹೊರಡುವುದೇ ಸರಿ. ಮೂಡಣ ಗಾಳಿ ಗಂಟೆಗೆ 20 ಕಿಲೋಮೀಟರಿಗಿಂತ ಜೋರಾಗಿದ್ದರೆ ಸಂಕೋಚವಿಲ್ಲದೆ ದಿಕ್ಕು ತಿರುಗಿಸಿ, ರೈಲಿನಲ್ಲಿ ಕ್ರೆಮ್ಸ್‌ಗೆ ಹೋಗಿ ಅಲ್ಲಿಂದ ಮೆಲ್ಕ್‌ಗೆ ತುಳಿಯಿರಿ.

ಎರಡು ಮೂರು ದಿನ ಮೇಲುಗಡೆ ಭಾರಿ ಮಳೆಯಾಗಿದ್ದರೆ ನದಿಯ ಮಟ್ಟವನ್ನೂ ನೋಡಲೇಬೇಕು. ಈ ಕಣಿವೆಗೆ ಆಧಾರ ಕೀನ್‌ಷ್ಟಾಕ್ ಎಂಬಲ್ಲಿರುವ ಮಾಪನ ಕೇಂದ್ರ. 2002, 2013 ಮತ್ತು 2024ರ ನೆರೆಗಳಲ್ಲಿ ಇಲ್ಲಿನ ಊರುಗಳು ತತ್ತರಿಸಿದ್ದವು. ನೀರು ಅಷ್ಟು ಏರದಿದ್ದರೂ ದಂಡೆಯ ಸೈಕಲ್ ದಾರಿ ಅಲ್ಲಲ್ಲಿ ಮುಳುಗುತ್ತದೆ, ಕಡವಿನ ದೋಣಿಗಳು ನಿಲ್ಲುತ್ತವೆ. ಅಂಥ ದಿನ ಹೋಗದಿರುವುದೇ ಲೇಸು.

ಸೈಕಲ್ ಬಾಡಿಗೆಗೆ ಪಡೆಯುವಾಗ

ಟ್ರೆಕ್ಕಿಂಗ್ ಸೈಕಲ್ ಕೇಳಿ: 37ರಿಂದ 42 ಮಿಲಿಮೀಟರ್ ಅಗಲದ ಟೈರು, ಮಡ್‌ಗಾರ್ಡ್, ಕ್ಯಾರಿಯರ್, ಕನಿಷ್ಠ ಏಳು ಗೇರು. 25 ಮಿಲಿಮೀಟರ್ ಟೈರಿನ ರೇಸ್ ಸೈಕಲ್ ಡಾಂಬರಿನ ಮೇಲೆ ಚೆನ್ನಾಗಿ ಓಡುತ್ತದೆ, ಹಳೆಯ ಊರುಗಳ ಕಲ್ಲುಹಾಸಿನ ಬೀದಿಗೆ ಬಂದಾಗ ಮಣಿಕಟ್ಟಿಗೆ ಹಿಂಸೆ ಕೊಡುತ್ತದೆ. ಬ್ಯಾಟರಿ ಸೈಕಲ್ ಈ ಸಮತಟ್ಟು ದಾರಿಗೆ ಬೇಕಿಲ್ಲ. ಮೊಣಕಾಲು ನೋವಿರುವವರು, ಎದುರುಗಾಳಿಗೆ ಅಂಜುವವರು ತೆಗೆದುಕೊಳ್ಳಲಿ. ಮೆಲ್ಕ್‌ನಲ್ಲಿ ಪಡೆದು ಕ್ರೆಮ್ಸ್‌ನಲ್ಲಿ ಬಿಡಬಹುದೇ ಎಂಬುದನ್ನು ಕಾಯ್ದಿರಿಸುವಾಗಲೇ ಕೇಳಿ ಬರವಣಿಗೆಯಲ್ಲಿ ಪಡೆಯಿರಿ.

ಅಂಗಡಿ ಬಿಡುವ ಮುನ್ನ ಹತ್ತು ನಿಮಿಷ ತಪಾಸಣೆಗೆ ಕೊಡಿ:

1. ಬ್ರೇಕ್ ಹಿಡಿ ಒತ್ತಿ. ಹಿಡಿ ಹ್ಯಾಂಡಲ್ ಬಾರಿಗೆ ತಾಗುವಷ್ಟು ಒಳಗೆ ಬಂದರೆ ಕೇಬಲ್ ಸಡಿಲವಾಗಿದೆ, ಅಲ್ಲೇ ಬಿಗಿ ಮಾಡಿಸಿ.
2. ಯಾವ ಹಿಡಿ ಯಾವ ಗಾಲಿಯದು ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕು. ಅಲ್ಲಿ ಬಹುಪಾಲು ಸೈಕಲ್‌ಗಳಲ್ಲಿ ಎಡಗೈಯದು ಮುಂದಿನದು. ಇಳಿಜಾರಿನಲ್ಲಿ ಹಳೆಯ ಅಭ್ಯಾಸದಿಂದ ಎಡಗೈ ಬ್ರೇಕನ್ನು ಗಟ್ಟಿಯಾಗಿ ಒತ್ತಿದರೆ ಮುಂದಿನ ಗಾಲಿ ಕಚ್ಚಿಕೊಂಡು ಸವಾರ ಹ್ಯಾಂಡಲ್ ಮೇಲಿಂದ ಹಾರಿ ಬೀಳಬಹುದು. ಖಾಲಿ ಜಾಗದಲ್ಲಿ ಐದಾರು ಸಲ ನಿಲ್ಲಿಸಿ ಕೈಗೆ ರೂಢಿ ಮಾಡಿಕೊಳ್ಳಿ.
3. ಪೆಡಲನ್ನು ಹಿಂದಕ್ಕೆ ತಿರುಗಿಸಿ ನೋಡಿ. ಹಿಂದಕ್ಕೆ ತುಳಿದರೆ ಬ್ರೇಕ್ ಹಿಡಿಯುವ ಸೈಕಲ್‌ಗಳು ಅಲ್ಲಿ ಸಾಮಾನ್ಯ. ಗೊತ್ತಿಲ್ಲದೆ ಹಿಂದಕ್ಕೆ ತುಳಿದರೆ ಥಟ್ಟನೆ ನಿಂತುಬಿಡುತ್ತದೆ.
4. ಸೀಟಿನ ಎತ್ತರ: ಸೀಟಿನ ಮೇಲೆ ಕುಳಿತು, ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೇರವಾದರೆ ಎತ್ತರ ಸರಿ. ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ತಗ್ಗಿಸಿದರೆ ಹದಿನೈದು ಕಿಲೋಮೀಟರಿಗೇ ಮೊಣಕಾಲ ಮುಂಭಾಗ ನೋಯಲು ಶುರುವಾಗುತ್ತದೆ.
5. ಗಾಳಿ: 75 ಕಿಲೋ ತೂಕದವರಿಗೆ ಹಿಂದೆ 3.5 ಬಾರ್, ಮುಂದೆ 3 ಬಾರ್ ಸಾಕು. ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠವನ್ನು ಮೀರಬೇಡಿ.
6. ವಾಲ್ವ್ ಯಾವುದು ನೋಡಿ. ದಪ್ಪ ಕಾರ್ ವಾಲ್ವ್, ಸಣಕಲು ಪ್ರೆಸ್ಟಾ, ನಮ್ಮ ಹಳೆಯ ಸೈಕಲ್‌ಗಳಲ್ಲಿರುವ ಡನ್‌ಲಪ್, ಮೂರೂ ಅಲ್ಲಿ ಸಿಗುತ್ತವೆ. ಕೊಟ್ಟಿರುವ ಪಂಪು ಅದಕ್ಕೆ ಕೂಡುತ್ತದೆಯೇ ಎಂದು ಒಮ್ಮೆ ಹಾಕಿ ನೋಡಿಯೇ ಹೊರಡಿ.

ಬೆಲ್ ಇರಲೇಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಒಂದನ್ನೊಂದು ಅವಲಂಬಿಸದ ಎರಡು ಬ್ರೇಕು ಮತ್ತು ರಿಫ್ಲೆಕ್ಟರ್‌ಗಳೂ ಕಡ್ಡಾಯ. ಕತ್ತಲಾದರೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಉರಿಯಬೇಕು. 12 ವರ್ಷದೊಳಗಿನ ಮಕ್ಕಳು ಹೆಲ್ಮೆಟ್ ಹಾಕಲೇಬೇಕು, ದೊಡ್ಡವರೂ ಹಾಕಿಕೊಳ್ಳುವುದು ಒಳ್ಳೆಯದು.

ಚೀಲದಲ್ಲಿ ಏನಿರಬೇಕು

ಒಂದು ದಿನಕ್ಕೆ ಐದು ಕಿಲೋ ಮೀರದಿರಲಿ. ಬೆನ್ನಿಗೆ ಚೀಲ ಹಾಕಿಕೊಂಡರೆ ಬೆವರಿ ಭುಜ ನೋಯುತ್ತದೆ, ಕ್ಯಾರಿಯರಿಗೆ ನೇತುಹಾಕುವ ಪಕ್ಕದ ಚೀಲ ವಾಸಿ. ಭಾರದ್ದು ತಳದಲ್ಲಿ, ಮಳೆ ಅಂಗಿ ಮೇಲೆ. ಚೀಲದ ಪಟ್ಟಿಯ ಬಾಲ ಕಡ್ಡಿಗಳಿಗೆ ಸಿಕ್ಕದಂತೆ ಒಳಗೆ ಸೇರಿಸಿ. ಪೆಡಲ್ ತುಳಿಯುವಾಗ ಹಿಮ್ಮಡಿ ಚೀಲಕ್ಕೆ ಬಡಿದರೆ ಕೊಂಡಿಗಳನ್ನು ಬಿಚ್ಚಿ ಚೀಲವನ್ನು ಎರಡು ಬೆರಳಷ್ಟು ಹಿಂದಕ್ಕೆ ಸರಿಸಿ.

ಒಂದೂವರೆ ಲೀಟರ್ ನೀರು, ಬಿರುಬಿಸಿಲಿನ ತಿಂಗಳಲ್ಲಿ ಎರಡು. ನಲ್ಲಿ ನೀರು ಕುಡಿಯಲು ಯೋಗ್ಯ, ಊರೂರಲ್ಲೂ ತುಂಬಿಸಿಕೊಳ್ಳಬಹುದು. ಆದರೆ ಕಾರಂಜಿಯ ಮೇಲೆ ‘ಕೈನ್ ಟ್ರಿಂಕ್‌ವಾಸರ್’ ಎಂದಿದ್ದರೆ ಆ ನೀರು ಕುಡಿಯುವುದಕ್ಕಲ್ಲ. ಟೈರಿನ ಅಳತೆಯ ಒಂದು ಟ್ಯೂಬು, ಎರಡು ಟೈರ್ ಲಿವರ್ (ಟೈರಿನ ಅಂಚು ಎಬ್ಬಿಸುವ ಕಡ್ಡಿ), ಪಂಪು, ಅಲೆನ್ ಕೀಗಳು. ಕಡವಿಗೂ ತೋಟದ ಊಟದ ಮನೆಗೂ ಚಿಲ್ಲರೆ ಸಮೇತ 30-40 ಯೂರೋ ನಗದು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಬ್ರೆಡ್ಡು ಹಣ್ಣುಗಳನ್ನು ಶನಿವಾರವೇ ಕೊಂಡಿಡಿ.

ಎಡದಂಡೆಯೋ ಬಲದಂಡೆಯೋ

ಎರಡೂ ದಂಡೆಯಲ್ಲಿ ಸೈಕಲ್ ದಾರಿಯಿದೆ. ಉತ್ತರದ, ಅಂದರೆ ಎಡ ದಂಡೆಯಲ್ಲಿ ಹೆಸರಾಂತ ಊರುಗಳಿವೆ, ಜನ ಮತ್ತು ಕಾರುಗಳೂ ಅಲ್ಲೇ. ದಕ್ಷಿಣದ ದಂಡೆ ಶಾಂತ, ಬೆಟ್ಟದ ನೆರಳು ಹೆಚ್ಚು. ನಮ್ಮ ಸಲಹೆ ಎರಡನ್ನೂ ಬೆರೆಸುವುದು: ಮೊದಲರ್ಧ ದಕ್ಷಿಣದಲ್ಲಿ, ಆರ್ನ್ಸ್‌ಡಾರ್ಫ್ ಕಡವಿನಲ್ಲಿ ದಾಟಿ ಉಳಿದರ್ಧ ಉತ್ತರದಲ್ಲಿ. ಹೀಗೆ ಮಾಡಿದರೆ ಉತ್ತರ ದಂಡೆಯ ವಿಲ್ಲೆನ್‌ಡಾರ್ಫ್ ತಪ್ಪುತ್ತದೆ. 1908ರಲ್ಲಿ ರೈಲು ಹಾದಿ ಹಾಕುವ ಹೊತ್ತಿಗೆ ಸುಮಾರು 11 ಸೆಂಟಿಮೀಟರ್ ಎತ್ತರದ ಶಿಲಾಯುಗದ ಸ್ತ್ರೀ ವಿಗ್ರಹ ಸಿಕ್ಕಿದ್ದು ಅಲ್ಲಿ. ಮೂಲ ವಿಗ್ರಹ ಇರುವುದು ವಿಯೆನ್ನಾದ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ, ಆದ್ದರಿಂದ ನಷ್ಟ ದೊಡ್ಡದಲ್ಲ. ಅದೇ ಬೇಕೆನ್ನುವವರು ಮೆಲ್ಕ್‌ನ ಸೇತುವೆ ದಾಟಿ ಎಮ್ಮರ್ಸ್‌ಡಾರ್ಫ್ ಮೂಲಕ ಉತ್ತರ ದಂಡೆಯಲ್ಲೇ ಸಾಗಬಹುದು.

ದಾರಿ ತಪ್ಪುವ ಭಯ ಬೇಡ. ಇದು ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೋ 6ರ ಭಾಗ, ಫಲಕಗಳು ಚೆನ್ನಾಗಿವೆ. ಇನ್ನೊಂದು ಸಹಾಯ ನದಿಯದೇ: ಹಡಗುಗಳಿಗಾಗಿ ದಡದಲ್ಲಿ ನಿಲ್ಲಿಸಿದ ಕಿಲೋಮೀಟರ್ ಫಲಕಗಳು ನದಿ ಸಮುದ್ರ ಸೇರುವ ಕಡೆಯಿಂದ ಎಣಿಸಿದ ದೂರ ಹೇಳುತ್ತವೆ. ಮೆಲ್ಕ್ 2036ರ ಆಸುಪಾಸು, ಷ್ಪಿಟ್ಸ್ 2019, ಡ್ಯೂರ್ನ್‌ಷ್ಟೈನ್ 2009, ಕ್ರೆಮ್ಸ್ 2002. ಕಳೆದರೆ ಉಳಿದ ದೂರ ಸಿಗುತ್ತದೆ, ಮೊಬೈಲ್ ತೆಗೆಯುವ ಅಗತ್ಯವಿಲ್ಲ. ತುಳಿಯುತ್ತಾ ಮೊಬೈಲ್ ಕೈಯಲ್ಲಿ ಹಿಡಿಯುವುದು ಅಲ್ಲಿ ಕಾನೂನಿಗೆ ವಿರುದ್ಧವೂ ಹೌದು.

ಬೆಳಿಗ್ಗೆ: ಮೆಲ್ಕ್

ವಿಯೆನ್ನಾದಿಂದ ಏಳರ ಸುಮಾರಿಗೆ ಹೊರಡುವ ರೈಲು ಹಿಡಿಯಿರಿ. ಒಂದು ಗಂಟೆ ಚಿಲ್ಲರೆಯ ಪಯಣ, ಕೆಲವು ರೈಲುಗಳಿಗೆ ಸಾಂಕ್ಟ್ ಪೋಲ್ಟೆನ್‌ನಲ್ಲಿ ಬದಲಾಯಿಸಬೇಕು. ಸ್ವಂತ ಸೈಕಲ್ ಒಯ್ದರೆ ಅದಕ್ಕೂ ಟಿಕೆಟ್ ಬೇಕು. ವೇಗದ ರೈಲುಗಳಲ್ಲಿ ಸೈಕಲ್ ಜಾಗವನ್ನು ಮುಂಗಡ ಕಾಯ್ದಿರಿಸಬೇಕು. ಪ್ರಾದೇಶಿಕ ರೈಲಿನಲ್ಲಿ ಮೊದಲು ಬಂದವರಿಗೆ ಜಾಗ.

ಒಂಬತ್ತಕ್ಕೆ ಮಠದ ಬಾಗಿಲು ತೆರೆಯುವಾಗ ನೀವು ಅಲ್ಲಿರಬೇಕು. ಹತ್ತೂವರೆಯ ಹೊತ್ತಿಗೆ ಹಡಗು ಮತ್ತು ಬಸ್ಸಿನ ಗುಂಪುಗಳು ಬಂದು ಗ್ರಂಥಾಲಯದಲ್ಲಿ ಹೆಜ್ಜೆ ಇಡಲು ಆಗುವುದಿಲ್ಲ. 1089ರಿಂದ ಬೆನೆಡಿಕ್ಟೈನ್ ಸನ್ಯಾಸಿಗಳು ಇಲ್ಲಿದ್ದಾರೆ. ಈಗ ಕಾಣುವ ಹಳದಿ ಕಟ್ಟಡವನ್ನು 1702ರಲ್ಲಿ ಆರಂಭಿಸಿದವರು ವಾಸ್ತುಶಿಲ್ಪಿ ಯಾಕೋಬ್ ಪ್ರಾಂಟಾವರ್. 1726ರಲ್ಲಿ ಅವರು ತೀರಿಕೊಂಡ ಮೇಲೆ ಯೋಸೆಫ್ ಮುಂಗನಾಸ್ಟ್ ಮುಂದುವರಿಸಿ 1736ರ ಹೊತ್ತಿಗೆ ಮುಗಿಸಿದರು. ಅಮೃತಶಿಲೆ ಸಭಾಂಗಣ, ಅದಕ್ಕೂ ಗ್ರಂಥಾಲಯಕ್ಕೂ ನಡುವಿನ ತೆರೆದ ಜಗಲಿ, ಗ್ರಂಥಾಲಯ, ಕೊನೆಗೆ ಚರ್ಚು. ಒಂದೂವರೆ ಗಂಟೆ ಸಾಕು. ಜಗಲಿಯಿಂದ ನದಿ ಹರಿಯುವ ದಿಕ್ಕು ನೋಡಿಕೊಳ್ಳಿ, ಹತ್ತು ಮುಕ್ಕಾಲಕ್ಕೆ ನೀವು ಅತ್ತ ಹೊರಡಬೇಕು.

ಮೊದಲರ್ಧ: ದಕ್ಷಿಣ ದಂಡೆ, ಸುಮಾರು 18 ಕಿಲೋಮೀಟರ್

ರಸ್ತೆಯ ಬಲಕ್ಕೆ ಇರಿ. ಇದು ಗೊತ್ತಿದ್ದರೂ ನಿಂತು ಮತ್ತೆ ಹೊರಡುವಾಗ, ಖಾಲಿ ರಸ್ತೆಯಲ್ಲಿ ಎಡಕ್ಕೆ ತಿರುಗಿದ ಮೇಲೆ, ಕೈ ತಾನಾಗಿ ಎಡಬದಿಗೆ ಎಳೆಯುತ್ತದೆ. ಗುಂಪಿನಲ್ಲಿದ್ದರೆ ಪ್ರತಿ ಸಲ ಹೊರಡುವಾಗ ಒಬ್ಬರು ‘ಬಲಕ್ಕೆ’ ಎಂದು ಕೂಗಿ ಹೇಳುವ ರೂಢಿ ಇಟ್ಟುಕೊಳ್ಳಿ. ಫಲಕವಿಲ್ಲದ ಕೂಡುದಾರಿಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಸೈಕಲ್ ದಾರಿ ಮುಗಿದು ರಸ್ತೆಗೆ ಸೇರುವಲ್ಲಿ ನೀವೇ ಕಾಯಬೇಕು.

ಷೋನ್‌ಬ್ಯೂಹೆಲ್‌ನಲ್ಲಿ ನದಿಯ ಬಂಡೆಯ ಮೇಲೆಯೇ ಕೂತ ಅರಮನೆ ಸಿಗುತ್ತದೆ. ಅದರ ಪೂರ್ಣ ರೂಪ ಕಾಣುವುದು ದಾಟಿ ಹೋಗಿ ಹಿಂತಿರುಗಿ ನೋಡಿದಾಗ. ಇಲ್ಲಿ ಸಣ್ಣ ಏರಿಳಿತವಿದೆ, ಏರು ಕಾಣುತ್ತಲೇ ಗೇರ್ ಇಳಿಸಿ. ಏರಿನ ನಡುವೆ ಪೆಡಲ್ ಮೇಲೆ ಪೂರ್ತಿ ಭಾರ ಹಾಕಿ ಗೇರ್ ಬದಲಿಸಿದರೆ ಚೈನ್ ಕಳಚುತ್ತದೆ. ಕಳಚಿದರೆ ಗಾಬರಿ ಬೇಡ: ಹಿಂದಿನ ಡಿರೈಲರನ್ನು (ಗೇರ್ ಬದಲಿಸಲು ಚೈನ್ ಸರಿಸುವ ತೋಳು) ಮುಂದಕ್ಕೆ ತಳ್ಳಿ ಚೈನ್ ಸಡಿಲಿಸಿ, ಮುಂದಿನ ಹಲ್ಲುಚಕ್ರದ ಕೆಳಭಾಗಕ್ಕೆ ನಾಲ್ಕು ಕೊಂಡಿ ಕೂರಿಸಿ, ಹಿಂಗಾಲಿ ಎತ್ತಿ ಪೆಡಲನ್ನು ಕೈಯಿಂದ ನಿಧಾನವಾಗಿ ಮುಂದಕ್ಕೆ ತಿರುಗಿಸಿ.

ಆಗ್ಸ್‌ಬಾಖ್ ಕಳೆದ ಮೇಲೆ ಬಲಗಡೆ ಎತ್ತರದಲ್ಲಿ ಆಗ್‌ಷ್ಟೈನ್ ಕೋಟೆಯ ಅವಶೇಷ ಕಾಣುತ್ತದೆ. ಅದು ನದಿಯಿಂದ 300 ಮೀಟರಿನಷ್ಟು ಮೇಲಿದೆ, ದಾರಿ ಬಹಳ ಕಡಿದು. ಅದನ್ನೂ ಡ್ಯೂರ್ನ್‌ಷ್ಟೈನ್ ಕೋಟೆಯನ್ನೂ ಒಂದೇ ದಿನ ಹತ್ತಲು ಹೊರಟರೆ ಸಂಜೆಯ ಊರುಗಳು ಕಣ್ಣಿಗೆ ಹತ್ತುವುದಿಲ್ಲ. ಒಂದನ್ನು ಆರಿಸಿಕೊಳ್ಳಿ. ಡ್ಯೂರ್ನ್‌ಷ್ಟೈನ್ ಸುಲಭ, ಊರಿಗೂ ಅಂಟಿಕೊಂಡಿದೆ.

ಕಡವು ದಾಟುವುದು

ಆರ್ನ್ಸ್‌ಡಾರ್ಫ್‌ನಿಂದ ಷ್ಪಿಟ್ಸ್‌ಗೆ ದಾಟಿಸುವ ದೋಣಿಗೆ ಓಡಲು ಎಂಜಿನ್ ಬೇಕಿಲ್ಲ. ನದಿಯ ಅಡ್ಡಕ್ಕೆ ಎರಡೂ ದಡದ ಕಂಬಗಳ ನಡುವೆ ಉಕ್ಕಿನ ಹಗ್ಗ ಬಿಗಿದಿದ್ದಾರೆ. ಅದರ ಮೇಲೆ ಓಡುವ ರಾಟೆಗೆ ದೋಣಿಯನ್ನು ಕಟ್ಟಿದ್ದಾರೆ. ಅಂಬಿಗರು ಚುಕ್ಕಾಣಿ ತಿರುಗಿಸಿ ದೋಣಿಯನ್ನು ಹರಿವಿಗೆ ಓರೆ ಮಾಡುತ್ತಾರೆ. ನೀರು ಓರೆ ಬದಿಗೆ ಒತ್ತಿದಾಗ, ಕೆಳಗೆ ಹೋಗಲು ಹಗ್ಗ ಬಿಡದ ಕಾರಣ ದೋಣಿ ಪಕ್ಕಕ್ಕೆ ಸರಿದು ಆಚೆ ದಡ ಸೇರುತ್ತದೆ. ಮರಳಲು ಓರೆಯ ದಿಕ್ಕು ಬದಲಿಸಿದರೆ ಆಯಿತು. ಕಾರುಗಳೂ ಹೀಗೇ ದಾಟುತ್ತವೆ.

ವೇಳಾಪಟ್ಟಿಯ ಗೋಜಿಲ್ಲ, ಜನ ಬಂದಂತೆ ದಾಟಿಸುತ್ತಾರೆ. ಸಂಜೆ ನಿಲ್ಲಿಸುವ ಸಮಯ ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ, ಹಿಂದಿನ ದಿನವೇ ನೋಡಿಕೊಳ್ಳಿ. ನೀರು ಬಹಳ ಏರಿದ್ದರೆ ಅಥವಾ ಗಾಳಿ ಜೋರಾಗಿದ್ದರೆ ಓಡುವುದಿಲ್ಲ. ಆಗ ದಕ್ಷಿಣ ದಂಡೆಯಲ್ಲೇ ರೊಸಾಟ್ಸ್ ದಾಟಿ ಮಾವ್‌ಟರ್ನ್‌ವರೆಗೆ ಹೋಗಿ ಸೇತುವೆಯಿಂದ ಷ್ಟೈನ್ ಸೇರಬಹುದು. ದೋಣಿ ಹತ್ತುವಾಗ ಸೈಕಲಿನಿಂದ ಇಳಿದು ತಳ್ಳಿಕೊಂಡು ಹೋಗಿ, ಒದ್ದೆಯಾದ ಇಳಿಜಾರು ಹಲಗೆ ಜಾರುತ್ತದೆ. ದೋಣಿ ಸಾಗುವಾಗ ಸ್ಟ್ಯಾಂಡಿನ ಮೇಲೆ ನಿಲ್ಲಿಸದೆ ಕೈಯಲ್ಲೇ ಹಿಡಿದುಕೊಳ್ಳಿ.

ಷ್ಪಿಟ್ಸ್‌ನಿಂದ ವೈಸೆನ್‌ಕಿರ್ಖೆನ್‌ಗೆ

ಆರು ಕಿಲೋಮೀಟರಿನ ಈ ತುಂಡು ಇಡೀ ದಿನದ ತಿರುಳು. 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ವಾಖಾವ್ ಎಂದರೆ ಬರೀ ಮಠ-ಕೋಟೆಗಳಲ್ಲ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಬೆಟ್ಟದುದ್ದಕ್ಕೂ ಕಟ್ಟಿದ ಮೆಟ್ಟಿಲು ತೋಟಗಳೂ ಹೌದು. ದಾರಿ ದ್ರಾಕ್ಷಿ ಸಾಲುಗಳ ನಡುವೆಯೇ ಹೋಗುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಈ ಗೋಡೆಗಳು ಹಗಲ ಬಿಸಿಲು ಹೀರಿ ಕಾವು ಬಿಡುತ್ತವೆ. ದ್ರಾಕ್ಷಿಗೆ ಅದು ಹಿತ, ಸವಾರನಿಗೆ ಕಷ್ಟ. ನೆರಳು ಸಿಗುವುದು ಊರೊಳಗೆ ಮಾತ್ರ, ಆದ್ದರಿಂದ ಷ್ಪಿಟ್ಸ್‌ನಲ್ಲೇ ನೀರು ತುಂಬಿಸಿ ಟೋಪಿ-ಬಟ್ಟೆ ಒದ್ದೆ ಮಾಡಿಕೊಳ್ಳಿ.

ಸಾಂಕ್ಟ್ ಮಿಖಾಯೆಲ್‌ನ ಕೋಟೆಗೋಡೆಯ ಚರ್ಚಿನ ಬಳಿ ಐದು ನಿಮಿಷ ನಿಂತು ಮಾಡಿನ ಅಂಚು ನೋಡಿ. ಅಲ್ಲಿ ಸಾಲಾಗಿ ಮಣ್ಣಿನ ಪ್ರಾಣಿ ಬೊಂಬೆಗಳಿವೆ. ಒಂದು ಚಳಿಗಾಲದಲ್ಲಿ ಹಿಮ ಮಾಡಿನವರೆಗೆ ಬಿದ್ದು ಮೊಲಗಳು ಅಲ್ಲಿಗೇ ನಡೆದು ಹೋದವು, ಹಿಮ ಕರಗಿದಾಗ ಮೇಲೆಯೇ ಉಳಿದವು ಎಂದು ಊರವರು ಕತೆ ಹೇಳುತ್ತಾರೆ.

ಈ ದಂಡೆಯ ರೈಲು ಹಳಿ ದಾರಿಯನ್ನು ಓರೆಯಾಗಿ ಕತ್ತರಿಸುವಲ್ಲಿ ಹಳಿಗೆ ನೇರ ಅಡ್ಡಲಾಗಿ ದಾಟಿ. ಓರೆಯಾಗಿ ಹೋದರೆ ಮುಂಗಾಲಿ ಹಳಿಯ ಸಂದಿಗೆ ಬಿದ್ದು ಕೆಡವುತ್ತದೆ, ಮಳೆಯಲ್ಲಂತೂ ಖಂಡಿತ.

ಊಟಕ್ಕೆ ವೈಸೆನ್‌ಕಿರ್ಖೆನ್ ಸರಿ. ದ್ರಾಕ್ಷಿ ಬೆಳೆಗಾರರು ತಮ್ಮದೇ ವೈನು ಮತ್ತು ತಣ್ಣನೆಯ ತಿಂಡಿ ಕೊಡುವ ಮನೆಗೆ ಹೋಯ್ರಿಗರ್ ಎನ್ನುತ್ತಾರೆ. ಬಾಗಿಲಲ್ಲಿ ಸೊಪ್ಪಿನ ಗೊಂಚಲೋ ಹುಲ್ಲಿನ ಬಳೆಯೋ ತೂಗಿದ್ದರೆ ಅವತ್ತು ತೆರೆದಿದೆ ಎಂದರ್ಥ. ಮಾಂಸ ತಿನ್ನದವರಿಗೆ ಕೆಂಪುಮೆಣಸಿನ ಚೀಸ್ ಗೊಜ್ಜು ಲಿಪ್ಟಾವರ್, ಬ್ರೆಡ್ಡು, ಉಪ್ಪಿನಕಾಯಿ ಸೌತೆ ಸಿಗುತ್ತದೆ. ಹೋಟೆಲುಗಳಲ್ಲಿ ಬೇಯಿಸಿದ ಏಪ್ರಿಕಾಟ್ ಕಡುಬೂ ಇರುತ್ತದೆ, ಕಣಕದಲ್ಲಿ ಮೊಟ್ಟೆ ಇದ್ದೀತು, ಕೇಳಿ. ತರಕಾರಿ ಸೂಪು ಎಂದರೂ ತಿಳಿ ಬಹುಪಾಲು ದನದ ಮಾಂಸದ್ದು, ಅದನ್ನೂ ಕೇಳಿಯೇ ತರಿಸಿ. ಸೈಕಲ್ ಸವಾರರಿಗೂ ರಕ್ತದ ಆಲ್ಕೋಹಾಲ್ ಮಿತಿಯಿದೆ, ಅದು 0.8 ಪ್ರೊಮಿಲ್ (ಸಾವಿರಕ್ಕೆ 0.8 ಭಾಗ). ಬಿಸಿಲಲ್ಲಿ ಒಂದು ಲೋಟವೇ ತಲೆ ಸುತ್ತಿಸುತ್ತದೆ, ದ್ರಾಕ್ಷಿ ರಸಕ್ಕೆ ಸೋಡಾ ಬೆರೆಸಿ ಕುಡಿಯುವುದು ಮೇಲು.

ಪಂಕ್ಚರ್ ಆದರೆ

ಗಾಲಿ ಬಿಚ್ಚಿ, ವಾಲ್ವಿನ ಎದುರು ಬದಿಯಿಂದ ಲಿವರ್ ಹಾಕಿ ಟೈರಿನ ಒಂದು ಅಂಚನ್ನು ಮಾತ್ರ ಹೊರತೆಗೆಯಿರಿ. ಟ್ಯೂಬು ತೆಗೆದು ಗಾಳಿ ಹೊಡೆದು ತೂತು ಹುಡುಕಿ. ಅಕ್ಕಪಕ್ಕ ಎರಡು ತೂತಿದ್ದರೆ ಗಾಳಿ ಕಡಿಮೆಯಾಗಿ ಕಲ್ಲಂಚಿಗೆ ಬಡಿದದ್ದು, ಮುಂದೆ ಒತ್ತಡ ಹೆಚ್ಚಿಸಿ. ಒಂದೇ ಇದ್ದರೆ ಮುಳ್ಳೋ ಗಾಜೋ ಇನ್ನೂ ಟೈರಿನಲ್ಲೇ ಇದೆ. ಅದನ್ನು ತೆಗೆಯದೆ ಹೊಸ ಟ್ಯೂಬು ಹಾಕಿದರೆ ಒಂದೇ ಕಿಲೋಮೀಟರಿನಲ್ಲಿ ಮತ್ತೆ ಗಾಳಿ ಹೋಗುತ್ತದೆ. ಟೈರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಒರೆಸಿ, ಬಟ್ಟೆ ಸಿಕ್ಕಿಕೊಂಡಲ್ಲಿ ಮುಳ್ಳಿದೆ. ಹೊಸ ಟ್ಯೂಬಿಗೆ ದುಂಡಗಾಗುವಷ್ಟು ಗಾಳಿ ತುಂಬಿ ಕೂರಿಸಿ, ಟೈರಿನ ಅಂಚನ್ನು ಕೈಯಿಂದಲೇ ಒಳಗೆ ಒತ್ತಿ. ಕೊನೆಯ ಗೇಣಿಗೆ ಲಿವರ್ ಬಳಸಿದರೆ ಟ್ಯೂಬು ಚಿವುಟುತ್ತದೆ. ಪೂರ್ತಿ ಗಾಳಿ ಹೊಡೆಯುವ ಮೊದಲು ಟ್ಯೂಬು ಟೈರು ಮತ್ತು ರಿಮ್ಮಿನ ನಡುವೆ ಸಿಕ್ಕಿದೆಯೇ ಎಂದು ಎರಡೂ ಬದಿ ನೋಡಿ.

ಡ್ಯೂರ್ನ್‌ಷ್ಟೈನ್

ಮತ್ತೆ ಆರು ಕಿಲೋಮೀಟರ್. ನೀಲಿ-ಬಿಳಿ ಗೋಪುರ ದೂರದಿಂದಲೇ ಕಾಣುತ್ತದೆ. 1733ರಲ್ಲಿ ಮುಗಿದ ಆ ಗೋಪುರವುಳ್ಳ ಮಠದ ಕೆಲಸದಲ್ಲಿ ಮೆಲ್ಕ್‌ನ ಮುಂಗನಾಸ್ಟ್ ಕೈಯೂ ಇದೆ. ಕಾರುಗಳು ಊರಡಿಯ ಸುರಂಗದಲ್ಲಿ ಹೋಗುತ್ತವೆ. ನೀವು ಅವುಗಳ ಹಿಂದೆ ಹೋಗದೆ ಸೈಕಲ್ ಫಲಕ ಹಿಡಿಯಿರಿ. ಮುಖ್ಯ ಬೀದಿ ಕಿರಿದು, ಕಲ್ಲುಹಾಸು, ಜನಜಂಗುಳಿ. ಇಳಿದು ತಳ್ಳುವುದು ಮರ್ಯಾದೆ.

ಸೈಕಲಿಗೆ ಬೀಗ ಹಾಕಿ, ಚೀಲದ ಬೆಲೆಬಾಳುವ ವಸ್ತು ಜೊತೆಗಿಟ್ಟುಕೊಂಡು ಕೋಟೆ ಹತ್ತಿ. ಇಪ್ಪತ್ತರಿಂದ ಮೂವತ್ತು ನಿಮಿಷದ ಕಲ್ಲುದಾರಿ, ಚಪ್ಪಲಿಯಲ್ಲಿ ಹತ್ತಬೇಡಿ. ಮೂರನೇ ಕ್ರೂಸೇಡಿನಿಂದ ಮರಳುತ್ತಿದ್ದ ಇಂಗ್ಲೆಂಡಿನ ದೊರೆ ಒಂದನೇ ರಿಚರ್ಡ್‌ನನ್ನು 1192ರ ಡಿಸೆಂಬರಿನಲ್ಲಿ ಸೆರೆಹಿಡಿದ ಆಸ್ಟ್ರಿಯಾದ ಡ್ಯೂಕ್ ಐದನೇ ಲಿಯೋಪೋಲ್ಡ್ ಇಟ್ಟದ್ದು ಇಲ್ಲಿ. 1645ರಲ್ಲಿ ಸ್ವೀಡನ್ನಿನ ಸೇನೆ ಕೋಟೆಯನ್ನು ಹಾಳುಗೆಡವಿತು. ಈಗ ಉಳಿದಿರುವುದು ಗೋಡೆಗಳು ಮತ್ತು ನದಿ ತಿರುಗುವ ನೋಟ.

ಜುಲೈ-ಆಗಸ್ಟ್‌ನ ಉರಿಬಿಸಿಲಲ್ಲಿ ಬೇರೆ ಉಪಾಯವಿದೆ. ವೈಸೆನ್‌ಕಿರ್ಖೆನ್‌ನ ಕಡವಿನಲ್ಲಿ ಮತ್ತೆ ದಕ್ಷಿಣಕ್ಕೆ ದಾಟಿ, ನೆರಳಲ್ಲಿ ರೊಸಾಟ್ಸ್ ತಲುಪಿ. ಎದುರು ದಡದ ಡ್ಯೂರ್ನ್‌ಷ್ಟೈನ್ ಇಡಿಯಾಗಿ ಕಾಣುವುದು ಅಲ್ಲಿಂದಲೇ, ಅಲ್ಲಿಂದ ಊರಿಗೆ ಪುಟ್ಟ ಮೋಟಾರು ದೋಣಿಯೂ ಇದೆ.

ಷ್ಟೈನ್, ಕ್ರೆಮ್ಸ್ ಮತ್ತು ಮರಳುವ ರೈಲು

ಲೊಯ್ಬೆನ್‌ನ ತೋಟಗಳ ನಡುವಿನ ಏಳೆಂಟು ಕಿಲೋಮೀಟರ್ ಬೇಗ ಸಾಗುತ್ತದೆ. 1805ರ ನವೆಂಬರ್ 11ರಂದು ಫ್ರೆಂಚ್ ಮತ್ತು ರಷ್ಯಾ-ಆಸ್ಟ್ರಿಯಾ ಸೇನೆಗಳು ಕಾದಾಡಿದ ಬಯಲಿದು. ಷ್ಟೈನ್ ಬಂದೊಡನೆ ದೊಡ್ಡ ರಸ್ತೆ ಬಿಟ್ಟು ಒಳಗಿನ ಹಳೆಯ ಬೀದಿಗೆ ತಿರುಗಿ, ಹೆಚ್ಚಿನವರು ಇದನ್ನು ತಪ್ಪಿಸಿಕೊಳ್ಳುತ್ತಾರೆ. ಗೋಡೆಗಳ ಮೇಲೆ ಹಿಂದಿನ ನೆರೆಗಳ ಮಟ್ಟ ಗುರುತಿಸಿದ್ದಾರೆ. ಮುಂದೆ ಹೋದರೆ ಕ್ರೆಮ್ಸ್‌ನ ಹೆಬ್ಬಾಗಿಲು ಷ್ಟೈನರ್ ಟೋರ್. ಅದರಾಚೆಯ ಪೇಟೆಯಲ್ಲಿ ಸೈಕಲ್ ತಳ್ಳಿಕೊಂಡು ಒಂದು ಗಂಟೆ ಸುತ್ತಿ. 995ರ ದಾಖಲೆಯಲ್ಲೇ ಹೆಸರಿರುವ ಊರಿದು.

ಬಾಡಿಗೆ ಸೈಕಲ್ ಹಿಂದಿರುಗಿಸುವಾಗ ನಾಲ್ಕೂ ಬದಿಯ ಫೋಟೊ ತೆಗೆದು ರಸೀದಿ ಪಡೆಯಿರಿ. ಮೆಲ್ಕ್‌ಗೇ ಮರಳಬೇಕಾದವರಿಗೆ ಹಡಗು ಇದೆ, ಆದರೆ ಹರಿವಿಗೆ ಎದುರಾಗಿ ಸುಮಾರು ಮೂರು ಗಂಟೆ ಹಿಡಿಯುತ್ತದೆ, ಸಂಜೆ ತಡವಾಗಿ ಸಿಗುವುದಿಲ್ಲ. ವಿಯೆನ್ನಾಗೆ ರೈಲು ಟುಲ್ನ್ ಮಾರ್ಗವಾಗಿ ಫ್ರಾನ್ಸ್-ಯೋಸೆಫ್ಸ್ ನಿಲ್ದಾಣಕ್ಕೆ ಹೋಗುತ್ತದೆ, ಬೆಳಿಗ್ಗೆ ಹೊರಟ ನಿಲ್ದಾಣಕ್ಕಲ್ಲ. ಭಾನುವಾರ ಸಂಜೆ ಸೈಕಲ್ ಡಬ್ಬಿ ಬೇಗ ತುಂಬುತ್ತದೆ. ಇಪ್ಪತ್ತು ನಿಮಿಷ ಮೊದಲೇ ಪ್ಲಾಟ್‌ಫಾರ್ಮಿಗೆ ಬಂದು, ಪಕ್ಕದ ಚೀಲಗಳನ್ನು ಕಳಚಿ ಕೈಯಲ್ಲಿಟ್ಟುಕೊಂಡು, ಡಬ್ಬಿಯ ಮೇಲಿನ ಸೈಕಲ್ ಚಿತ್ರ ನೋಡಿ ಆ ಬಾಗಿಲಿಗೇ ಹತ್ತಿ.